ಸಂತರ ಸಾಲಿನ ಕೆಳಗಿನ ಪುಸ್ತಕಗಳು



ಯುವಜನರ ಕೊಠಡಿಯ ಕಪಾಟಿನಲ್ಲಿ ಸಂತರ ಜೀವನಚರಿತ್ರೆಗಳ ಕೆಳಗಿನ ಸಾಲಿಗೆ ಈಗ ಬೇರೆ ಥರದ ಪುಸ್ತಕಗಳು ಬಂದು ಕೂತಿವೆ. ಹೊದಿಕೆಯ ಮೇಲೆ ಡ್ರ್ಯಾಗನ್, ಕತ್ತಿ, ಮುಖಕ್ಕಿಂತ ದೊಡ್ಡ ಕಣ್ಣಿನ ಹುಡುಗಿಯರು. ಭಾನುವಾರ ಬಲಿಪೂಜೆ ಮುಗಿಸಿ ಹೊರಡುವಾಗ ಕೆಲವು ತಂದೆತಾಯಂದಿರು ನಮ್ಮನ್ನು ತಡೆದು ಕೇಳಿದ್ದಾರೆ: ಇದು ಮಾಟಮಂತ್ರದ ಪುಸ್ತಕ ಅಲ್ವಾ? ಚರ್ಚಿನ ಕಪಾಟಿನಲ್ಲಿ ಇದಕ್ಕೇನು ಕೆಲಸ? ಒಬ್ಬ ಗುರಿಕಾರರಂತೂ ಪುಸ್ತಕವೊಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಏನೂ ಹೇಳದೆ ವಾಪಸು ಇಟ್ಟು ಹೋದರು. ಹೇಳಿದ್ದರೇ ಒಳ್ಳೆಯದಿತ್ತು.

ಕೇಳಿದವರ ಪ್ರಶ್ನೆ ನ್ಯಾಯವಾದದ್ದೇ. ಮಕ್ಕಳ ಕೈಗೆ ಏನು ಹೋಗುತ್ತದೆ ಎಂದು ನೋಡದ ಮನೆಯವರಿಗಿಂತ ನೋಡುವವರು ಸಾವಿರ ಪಾಲು ಮೇಲು. ಹಾಗಾಗಿ ಕಳೆದ ಎರಡು ವರ್ಷಗಳಲ್ಲಿ ನಾವು ಏಳೆಂಟು ಮಂದಿ ಸೇರಿ ಓದಿದ್ದರಲ್ಲಿ ಯಾವುದನ್ನು ಇಟ್ಟುಕೊಂಡೆವು, ಯಾವುದನ್ನು ಬಿಟ್ಟೆವು, ಯಾವುದರ ಮೇಲೆ ಇನ್ನೂ ಜಗಳ ನಡೆದಿದೆ ಎಂದು ಇಲ್ಲಿ ಬರೆಯುತ್ತೇವೆ. ಎಲ್ಲವನ್ನೂ ಓದಿದ್ದು ಇಂಗ್ಲಿಷಿನಲ್ಲಿ. ಚರ್ಚೆ ಮಾಡಿದ್ದು ಮಾತ್ರ ಕನ್ನಡ, ಕೊಂಕಣಿ, ತುಳು ಎಲ್ಲ ಬೆರೆಸಿ.

ಮಾಟಮಂತ್ರದ ಭಯದ ಬಗ್ಗೆ ಒಂದೇ ಮಾತು. ಈ ಜಾತಿಯ ಕಾದಂಬರಿಗಳಿಗೆಲ್ಲ ಅಜ್ಜ ಎನಿಸಿದ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಟೋಲ್ಕಿನ್ ಪ್ರತಿದಿನದ ಪೂಜೆಗೆ ಬೆಲೆ ಕೊಟ್ಟಿದ್ದ ಕಥೋಲಿಕರು. ತಾಯಿ ತೀರಿಕೊಂಡ ಮೇಲೆ ಅವರನ್ನೂ ತಮ್ಮನನ್ನೂ ನೋಡಿಕೊಂಡದ್ದು ಒಬ್ಬ ಗುರುಗಳು, ಫಾದರ್ ಫ್ರಾನ್ಸಿಸ್ ಮಾರ್ಗನ್. ತನ್ನ ಕೃತಿ ಬುಡದಿಂದಲೇ ಕಥೋಲಿಕ ಕೃತಿ ಎಂದು ಅವರು 1953ರಲ್ಲಿ ಯೇಸುಸಭೆಯ ಗುರು ರಾಬರ್ಟ್ ಮರ್ರೆಯವರಿಗೆ ಪತ್ರ ಬರೆದಿದ್ದರು. ಆದ್ದರಿಂದ ಕಥೆಯಲ್ಲಿ ಮಂತ್ರವಾದಿ ಬಂದ ಎಂಬ ಒಂದೇ ಕಾರಣಕ್ಕೆ ಪುಸ್ತಕ ಮುಚ್ಚಿಡುವ ಅಗತ್ಯ ನಮಗೆ ಕಾಣುವುದಿಲ್ಲ. ನಮ್ಮ ತಲೆಬಿಸಿ ಬೇರೆ ಕಡೆ ಇದೆ.

ಅದು ಇರುವುದು ಜಪಾನಿನ ಲೈಟ್ ನಾವೆಲ್‌ಗಳಲ್ಲಿ. ಗೊತ್ತಿಲ್ಲದ ಹಿರಿಯರಿಗಾಗಿ: ಇವು ಅಂಗಿಯ ಜೇಬಿಗಿಂತ ಸ್ವಲ್ಪ ದೊಡ್ಡದಾದ, ನಡುನಡುವೆ ಚಿತ್ರಗಳಿರುವ, ಮಾತುಕತೆಯೇ ಹೆಚ್ಚಿರುವ ಸರಣಿ ಕಾದಂಬರಿಗಳು. ಎಷ್ಟೋ ಸರಣಿಗಳು ಮೊದಲು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ, ದಿನಕ್ಕೊಂದು ಕಂತಿನ ಹಾಗೆ ಹೊರಬಂದವು. ಓದುಗರು ಮೆಚ್ಚಿದ ಮೇಲೆ ಪ್ರಕಾಶಕರು ಅವನ್ನು ಅಚ್ಚು ಹಾಕಿದರು. ಹಾಗಾಗಿ ಇವುಗಳ ನಡಿಗೆ ಧಾರಾವಾಹಿಯ ನಡಿಗೆ: ಎಲ್ಲೂ ಅವಸರವಿಲ್ಲ, ಒಂದು ಊಟದ ವರ್ಣನೆಗೆ ಎಂಟು ಪುಟ. ನಮ್ಮಲ್ಲಿ ಕೆಲವರಿಗೆ ಅದೇ ಇಷ್ಟ, ಕೆಲವರಿಗೆ ಅದೇ ನಿದ್ದೆ.

ಇವುಗಳಲ್ಲಿ ಬಹಳಷ್ಟು 'ಇಸೆಕಾಯ್' ಕಥೆಗಳು. ಇಸೆಕಾಯ್ ಅಂದರೆ ಬೇರೆ ಲೋಕ. ಸೂತ್ರ ಹೆಚ್ಚಾಗಿ ಒಂದೇ: ಜಪಾನಿನಲ್ಲಿ ಯಾರಿಗೂ ಬೇಡವಾದ ಒಬ್ಬ ಹುಡುಗ ಅಥವಾ ದುಡಿದು ದಣಿದ ನೌಕರ ಸಾಯುತ್ತಾನೆ. ಎಷ್ಟು ಸಲ ಲಾರಿಗೆ ಸಿಕ್ಕಿ ಸತ್ತಿದ್ದಾರೆಂದರೆ ಓದುಗರು ಆ ಲಾರಿಗೇ ಒಂದು ಅಡ್ಡಹೆಸರಿಟ್ಟಿದ್ದಾರೆ. ಕಣ್ಣು ಬಿಟ್ಟಾಗ ಅವನು ಮಂತ್ರ, ರಾಕ್ಷಸ, ರಾಜಕುಮಾರಿಯರ ಲೋಕದಲ್ಲಿ ಇನ್ನೊಂದು ದೇಹದಲ್ಲಿರುತ್ತಾನೆ, ಹಳೆಯ ನೆನಪು ಹಾಗೆಯೇ ಇರುತ್ತದೆ. ಅಲ್ಲಿ ಅವನೇ ಎಲ್ಲರಿಗಿಂತ ಬಲಶಾಲಿ. ಫ್ಯೂಸೆ ಎಂಬ ಲೇಖಕರ ಜನಪ್ರಿಯ ಸರಣಿಯೊಂದರಲ್ಲಂತೂ ಚಾಕು ಇರಿತಕ್ಕೆ ಸತ್ತವನು ಲೋಳೆಯ ಮುದ್ದೆಯಾಗಿ ಹುಟ್ಟಿ ಒಂದು ರಾಜ್ಯವನ್ನೇ ಕಟ್ಟುತ್ತಾನೆ. ನಗು ಬರುತ್ತದೆ, ನಾವೂ ನಕ್ಕಿದ್ದೇವೆ.

ಇಲ್ಲಿ ಎರಡು ಸಂಗತಿಗಳಿವೆ. ಮೊದಲನೆಯದು ವಿಶ್ವಾಸದ್ದು. ಮನುಷ್ಯ ಸಾಯುವುದು ಒಂದೇ ಸಲ ಎಂದು ಹಿಬ್ರಿಯರಿಗೆ ಬರೆದ ಪತ್ರದ 9ನೆಯ ಅಧ್ಯಾಯದಲ್ಲಿದೆ. ಮರಣದ ನಂತರ ಮರುಜನ್ಮವಿಲ್ಲ ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 1013ನೆಯ ಪರಿಚ್ಛೇದ ನೇರವಾಗಿಯೇ ಹೇಳುತ್ತದೆ. ಇದನ್ನು ಧರ್ಮೋಪದೇಶ ತರಗತಿಯಲ್ಲಿ ಹೇಳಿದರೆ ಮಕ್ಕಳಿಗೆ ಅರ್ಥವಾಗುತ್ತದೆ. ಕಥೆಯಲ್ಲಿ ಕಪ್ಪೆ ಮಾತಾಡಿತು ಎಂದು ಯಾವ ಮಗುವೂ ತೋಡಿನ ಕಪ್ಪೆಯ ಹತ್ತಿರ ಮಾತಾಡಲು ಹೋಗುವುದಿಲ್ಲ.

ಎರಡನೆಯದು ಗ್ರಂಥ ತೆರೆದು ಉತ್ತರಿಸುವ ಥರದ್ದಲ್ಲ. ಕಳೆದ ವರ್ಷ ಪರೀಕ್ಷೆಯ ಫಲಿತಾಂಶ ಬಂದ ವಾರ ನಮ್ಮ ಸಭೆ ಮುಗಿದು ಕುರ್ಚಿ ಜೋಡಿಸಿಡುತ್ತಿದ್ದಾಗ ಒಬ್ಬ ಹುಡುಗ, ನಗುನಗುತ್ತಲೇ, ನನಗೂ ಒಂದು ಲಾರಿ ಸಿಕ್ಕಿದರೆ ಸಾಕಿತ್ತು, ಬೇರೆ ಲೋಕಕ್ಕೆ ಹೋಗಬಹುದಿತ್ತು ಎಂದ. ಬೇರೆಯವರು ನಕ್ಕರು. ಅವನು ಎರಡನೆಯ ಸಲ ಹೇಳಿದಾಗ ನಗು ಇರಲಿಲ್ಲ. ನಮ್ಮಲ್ಲಿಬ್ಬರು ಅವನ ಜೊತೆ ಮನೆಯವರೆಗೆ ನಡೆದರು. ಹೈವೇ ದಾಟಿ ಹೋಗಬೇಕು ಅವನ ಮನೆಗೆ. ಏನಾಯಿತು ಎಂದು ಕೇಳಿದರೆ ಬೇಸರ ಎಂದಷ್ಟೇ ಹೇಳಿದ. ಆ ರಾತ್ರಿ ಅವನ ಮನೆಯವರೊಂದಿಗೂ, ಮರುದಿನ ಗುರುಗಳೊಂದಿಗೂ, ಆ ವಾರ ಒಬ್ಬ ಡಾಕ್ಟರರೊಂದಿಗೂ ಮಾತಾಯಿತು. ಈಗ ಅವನು ಚೆನ್ನಾಗಿದ್ದಾನೆ; ಇದನ್ನು ಬರೆಯಲು ಅವನೇ ಒಪ್ಪಿಗೆ ಕೊಟ್ಟಿದ್ದಾನೆ. ಪುಸ್ತಕ ಓದಿ ಹಾಗಾಯಿತು ಎಂದು ನಾವು ಹೇಳುವುದಿಲ್ಲ. ಅವನ ಕಷ್ಟ ಪುಸ್ತಕಕ್ಕಿಂತ ಹಳೆಯದು. ಆದರೆ ಆ ಕಷ್ಟಕ್ಕೆ ಮಾತು ಕೊಟ್ಟದ್ದು ಪುಸ್ತಕ, ಅದೂ ತೀರಾ ಅಗ್ಗದ ಮಾತು: ಈ ಬದುಕು ಕೆಟ್ಟಿತು, ಇನ್ನೊಂದು ಕೊಡಿ.

ಅಂದಿನಿಂದ ನಾವು ಇಸೆಕಾಯ್ ಪುಸ್ತಕಗಳಿಗೆ ಒಂದೇ ಪ್ರಶ್ನೆ ಕೇಳುತ್ತೇವೆ. ಈ ಕಥೆಯಲ್ಲಿ ಸಾವಿಗೆ ಬೆಲೆ ಇದೆಯೇ? ಹಿಂದೆ ಬಿಟ್ಟು ಬಂದವರ ನೆನಪು ಇದೆಯೇ? ಮೊದಲ ಪುಟದಲ್ಲೇ ಸತ್ತು, ಎರಡನೆಯ ಪುಟದಲ್ಲಿ ಅಮ್ಮನನ್ನೂ ಮರೆತು, ಮೂರನೆಯ ಪುಟದಲ್ಲಿ ಕತ್ತಿ ಹಿಡಿಯುವ ನಾಯಕರನ್ನು ನಾವು ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಸೇರಿಸುವುದಿಲ್ಲ. ಇದು ನಮ್ಮ ಪಟ್ಟಿಯನ್ನು ಅರ್ಧಕ್ಕಿಂತ ಕಡಿಮೆ ಮಾಡಿತು.

ಆ ಪ್ರಶ್ನೆಗೆ ಚೆನ್ನಾಗಿ ಉತ್ತರ ಕೊಟ್ಟದ್ದು ಕನಾತಾ ಯಾನಾಗಿನೊ ಬರೆದ 'ದಿ ಫಾರವೇ ಪಾಲಡಿನ್'. ಇಲ್ಲಿಯ ನಾಯಕ ವಿಲ್ ಹಿಂದಿನ ಬದುಕಿನಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು, ಹೆತ್ತವರಿಗೆ ಏನೂ ಆಗದೆ, ಆಯುಷ್ಯ ಕಳೆದವನು. ಆ ನಾಚಿಕೆ ಅವನ ಜೊತೆ ಹೊಸ ಲೋಕಕ್ಕೂ ಬರುತ್ತದೆ. ಹಾಳೂರಿನಲ್ಲಿ ಅವನನ್ನು ಸಾಕುವವರು ಮೂವರು ಸತ್ತವರು: ಅಸ್ಥಿಪಂಜರವಾದ ಯೋಧ ಬ್ಲಡ್, ಒಣಗಿದ ಶವವಾಗಿರುವ ಪೂಜಾರಿಣಿ ಮೇರಿ, ಪ್ರೇತವಾದ ಪಂಡಿತ ಗಸ್. ಕೇಳಿದರೆ ಹೆದರಿಕೆ, ಓದಿದರೆ ಒಂದು ಕುಟುಂಬದ ಕಥೆ. ಒಬ್ಬ ಕತ್ತಿ ಕಲಿಸುತ್ತಾನೆ, ಒಬ್ಬ ವಿದ್ಯೆ ಕಲಿಸುತ್ತಾನೆ, ಮೇರಿ ಪ್ರಾರ್ಥನೆ ಕಲಿಸುತ್ತಾಳೆ.

ಅದರಲ್ಲಿ ರೊಟ್ಟಿಯ ಪ್ರಸಂಗವೊಂದಿದೆ. ಮಗುವಿಗೆ ಊಟ ಎಲ್ಲಿಂದ ಬರುತ್ತಿದೆ ಎಂದು ವಿಲ್ ಯೋಚಿಸಿಯೇ ಇರುವುದಿಲ್ಲ. ಆ ಹಾಳೂರಿನಲ್ಲಿ ಹೊಲವಿಲ್ಲ, ಅಂಗಡಿಯಿಲ್ಲ. ಒಂದು ದಿನ ನೋಡುತ್ತಾನೆ: ಮೇರಿ ತನ್ನ ದೇವತೆಯ ಮುಂದೆ ಪ್ರಾರ್ಥಿಸುತ್ತಿದ್ದಾಳೆ, ಅವಳ ಮೈ ಉರಿಯುತ್ತಿದೆ. ಸತ್ತವಳಾದ್ದರಿಂದ ಪವಿತ್ರವಾದದ್ದು ಅವಳನ್ನು ಸುಡುತ್ತದೆ. ಹಾಗೆ ಸುಟ್ಟುಕೊಂಡು ಬೇಡಿ ಪಡೆದ ರೊಟ್ಟಿಯನ್ನು ಇಷ್ಟು ವರ್ಷ ಅವನು ತಿಂದಿದ್ದ. ಈ ಭಾಗವನ್ನು ಸಭೆಯಲ್ಲಿ ಕನ್ನಡದಲ್ಲಿ ಹೇಳಿ ಮುಗಿಸಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಳು, ನಮ್ಮಮ್ಮ ಕುವೈತಿನಿಂದ ಫೋನ್ ಮಾಡುವಾಗ ಯಾವತ್ತೂ ಊಟ ಆಯ್ತಾ ಅಂತ ಮೊದಲು ಕೇಳ್ತಾರೆ ಎಂದಳು. ಪರಮಪ್ರಸಾದದ ಬಗ್ಗೆ ನಾವು ಸಿದ್ಧಮಾಡಿಕೊಂಡು ಬಂದಿದ್ದ ಟಿಪ್ಪಣಿ ಹಾಗೆಯೇ ಜೇಬಿನಲ್ಲಿ ಉಳಿಯಿತು. ಪುಸ್ತಕದ ದೇವದೇವತೆಗಳು ಬೇರೆಯೇ, ಅದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು. ಮೊದಲನೆಯ ಸಂಪುಟದಷ್ಟು ಮುಂದಿನವು ಹಿಡಿಸಲಿಲ್ಲ, ಡ್ರ್ಯಾಗನ್ ಕಾಳಗ ಬೇಕಾದವರಿಗೆ ಅವೂ ಇವೆ.

ನಮ್ಮ ಕೊಠಡಿಯಲ್ಲಿ ಅತಿ ಹೆಚ್ಚು ಕೈ ಬದಲಿಸಿದ್ದು ಮಾತ್ರ ಮಿಯಾ ಕಾಜುಕಿಯ 'ಅಸೆಂಡೆನ್ಸ್ ಆಫ್ ಎ ಬುಕ್‌ವರ್ಮ್'. 2013ರಲ್ಲಿ ಅಂತರ್ಜಾಲದಲ್ಲಿ ಶುರುವಾಗಿ, ಜಪಾನಿ ಅಚ್ಚಿನಲ್ಲಿ 2015ರಿಂದ 2023ರವರೆಗೆ ಐದು ಭಾಗ, 33 ಸಂಪುಟಗಳಾಗಿ ಬಂದ ಕಥೆ. ಪುಸ್ತಕವೆಂದರೆ ಪ್ರಾಣ ಬಿಡುವ ಕಾಲೇಜು ಹುಡುಗಿ ಭೂಕಂಪದಲ್ಲಿ ನಿಜವಾಗಿಯೂ ಪುಸ್ತಕಗಳ ಅಡಿಯಲ್ಲೇ ಪ್ರಾಣ ಬಿಡುತ್ತಾಳೆ. ಎಚ್ಚರಾದಾಗ ಅವಳು ಬಡ ಕಾವಲುಗಾರನ ಐದು ವರ್ಷದ ಮಗಳು ಮೈನ್. ಕತ್ತಿಯಿಲ್ಲ, ಬಲವಿಲ್ಲ, ನಾಲ್ಕು ಹೆಜ್ಜೆ ನಡೆದರೆ ಜ್ವರ. ಆ ಊರಿನಲ್ಲಿ ಪುಸ್ತಕ ಶ್ರೀಮಂತರ ಸೊತ್ತು. ಸರಿ, ಪುಸ್ತಕವಿಲ್ಲದಿದ್ದರೆ ನಾನೇ ಮಾಡುತ್ತೇನೆ ಎಂದು ಹೊರಡುತ್ತಾಳೆ. ಹುಲ್ಲು ಹೆಣೆದು ನೋಡುತ್ತಾಳೆ, ಆಗುವುದಿಲ್ಲ. ಜೇಡಿಮಣ್ಣಿನ ಹಲಗೆ ಮಾಡುತ್ತಾಳೆ, ಸುಡುವಾಗ ಒಡೆದುಹೋಗುತ್ತದೆ. ಮರದ ಚಕ್ಕೆಯ ಮೇಲೆ ಬರೆದಿಟ್ಟರೆ ಅಮ್ಮ ಸೌದೆ ಎಂದು ಒಲೆಗೆ ಹಾಕುತ್ತಾಳೆ. ಇಲ್ಲಿ ನಮ್ಮ ಅಮ್ಮಂದಿರನ್ನು ನೆನೆಸಿಕೊಳ್ಳದವರು ಯಾರೂ ಇಲ್ಲ.

ಕೊನೆಗೆ ಲುಟ್ಸ್ ಎಂಬ ಗೆಳೆಯನ ಜೊತೆ ಸೇರಿ ಮರದ ನಾರಿನಿಂದ ಕಾಗದ ಮಾಡುತ್ತಾಳೆ. ಆ ಅಧ್ಯಾಯಗಳನ್ನು ಓದಿದ ಮೇಲೆ ಬೇಸಿಗೆ ಶಿಬಿರದಲ್ಲಿ ನಾವೂ ಮಾಡಿ ನೋಡೋಣ ಎಂದು ಹೊರಟೆವು. ಬಿಎಸ್ಸಿ ಓದಿದವರು ನಮ್ಮಲ್ಲಿ ಇರುವುದರಿಂದ ಸಿದ್ಧಾಂತಕ್ಕೆ ಕೊರತೆ ಇರಲಿಲ್ಲ: ನಾರಿನಲ್ಲಿ ಬೇಕಾದ್ದು ಸೆಲ್ಯುಲೋಸ್, ಅದನ್ನು ಅಂಟಿನ ಹಾಗೆ ಹಿಡಿದಿರುವ ಲಿಗ್ನಿನ್ ಕ್ಷಾರದಲ್ಲಿ ಬೇಯಿಸಿದರೆ ಬಿಡುತ್ತದೆ. ಕಥೆಯಲ್ಲಿ ಬೂದಿ ಹಾಕುತ್ತಾರೆ, ನಾವು ವಾಷಿಂಗ್ ಸೋಡಾ ಹಾಕಿದೆವು. ಬಾಳೆದಿಂಡಿನ ನಾರನ್ನು ಹಬ್ಬದ ಗಂಜಿ ಬೇಯಿಸುವ ಹಂಡೆಯಲ್ಲಿ ಮೂರು ಗಂಟೆ ಕುದಿಸಿ (ಹಂಡೆ ಕೊಟ್ಟವರು ಇದನ್ನು ಓದದಿದ್ದರೆ ಒಳ್ಳೆಯದು), ತೋಡಿನ ನೀರಿನಲ್ಲಿ ತೊಳೆದು, ಒರಳಿನಲ್ಲಿ ಕುಟ್ಟಿ, ಸೊಳ್ಳೆಪರದೆಯ ಬಲೆ ಬಿಗಿದ ಚೌಕಟ್ಟಿನಲ್ಲಿ ಎತ್ತಿದೆವು. ಮೊದಲ ದಿನ ಬಂದದ್ದು ನೀರುದೋಸೆ, ತೂತು ಸಮೇತ. ಎರಡನೆಯ ದಿನ ಕುಟ್ಟುವುದನ್ನು ದುಪ್ಪಟ್ಟು ಮಾಡಿದೆವು. ಬಟ್ಟೆಯ ಮೇಲೆ ಮಗುಚಿ, ಮೇಲೆ ಕಲ್ಲು ಹೇರಿ ನೀರು ಹಿಂಡಿ ಒಣಗಿಸಿದೆವು. ಹನ್ನೆರಡು ಹಾಳೆ ಸಿಕ್ಕಿತು, ಗೋಧಿ ಬಣ್ಣದ್ದು, ಅಂಚು ಒರಟು. ಬಾಲ್ ಪೆನ್ನು ಸಿಕ್ಕಿಕೊಳ್ಳುತ್ತದೆ, ಪೆನ್ಸಿಲ್ ಓಡುತ್ತದೆ. ಆರನೆಯ ತರಗತಿಯ ಮಕ್ಕಳು ಅದರಲ್ಲಿ 'ಪರಲೋಕ ಮಂತ್ರ' ಬರೆದು ಮನೆಗೆ ಒಯ್ದರು.

ಒಂದು ಹಾಳೆಗೆ ಇಷ್ಟು ಬೆವರು ಬೇಕೆಂದು ಕೈಗೆ ಗೊತ್ತಾದ ಮೇಲೆ ನಮ್ಮದೇ ಕರಾವಳಿಯ ಕಥೆ ಬೇರೆ ರೀತಿ ಕೇಳಿಸಿತು. 1843ರಲ್ಲಿ ಹೆರ್ಮನ್ ಮ್ಯೋಗ್ಲಿಂಗ್ ಮಂಗಳೂರಿನ ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಎಂದು ಶಾಲೆಯಲ್ಲಿ ಒಂದು ಅಂಕಕ್ಕೆ ಬಾಯಿಪಾಠ ಮಾಡಿದ್ದೆವು. ಕಲ್ಲಿನ ಮೇಲೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿದ ಅಕ್ಷರ, ಒಂದೊಂದು ಹಾಳೆಗೂ ಮಸಿ ಬಳಿದು ಒತ್ತುವುದು. ಅವರು ಪ್ರೊಟೆಸ್ಟಂಟರು, ನಾವು ಕಥೋಲಿಕರು. ಓದುವಾಗ ಅಕ್ಷರ ಒಂದೇ.

ಮೈನ್ ಕಥೆಗೆ ಮರಳೋಣ. ಗ್ರಂಥಾಲಯವಿದೆ ಎಂಬ ಆಸೆಗೆ ಅವಳು ಆ ಊರಿನ ದೇವಾಲಯ ಸೇರುತ್ತಾಳೆ. ಇದು ನಮ್ಮ ಥರದ ದೇವಾಲಯವಲ್ಲ, ಅಲ್ಲಿ ಹಲವು ದೇವರು. ಇಂಗ್ಲಿಷ್ ಅನುವಾದದಲ್ಲಿ ದೀಕ್ಷಾಸ್ನಾನ, ಮಹಾಬಿಷಪ್ ಎಂಬರ್ಥದ ನಮ್ಮ ಶಬ್ದಗಳನ್ನೇ ಬಳಸಿರುವುದರಿಂದ ಚಿಕ್ಕವರಿಗೆ ಗೊಂದಲವಾಗುತ್ತದೆ, ಮೊದಲೇ ಹೇಳಿಬಿಡಿ. (ಆ ಪ್ರಾರ್ಥನೆಯ ಭಂಗಿಯಲ್ಲಿ ಎರಡು ಕೈ, ಒಂದು ಕಾಲು ಎತ್ತಬೇಕು. ನಮ್ಮ ಚಿಕ್ಕ ಮಕ್ಕಳು ಅದನ್ನು ಚರ್ಚಿನ ಅಂಗಳದಲ್ಲಿ ಮಾಡಿ ತೋರಿಸಿದ್ದೇ ಒಂದು ದೂರಿಗೆ ಕಾರಣ.) ಆ ದೇವಾಲಯದ ಒಳಗೆ ಲಂಚವಿದೆ, ಮೇಲು ಕೀಳು ಇದೆ. ಹಿಂದಿನ ಅನಾಥಾಲಯದಲ್ಲಿ ಚಿಕ್ಕ ಮಕ್ಕಳನ್ನು ಅನ್ನವಿಲ್ಲದೆ ಕೂಡಿಹಾಕಿರುತ್ತಾರೆ. ಮೈನ್ ಅದನ್ನು ನೋಡಿ ಮೊದಲು ಮುಖ ತಿರುಗಿಸುತ್ತಾಳೆ. ಅವಳಿಗೆ ಬೇಕಾದ್ದು ಪುಸ್ತಕ ಮಾತ್ರ. ಆದರೆ ಕಂಡದ್ದನ್ನು ಕಾಣದ ಹಾಗೆ ಮಾಡಿಕೊಳ್ಳಲು ಆಗುವುದಿಲ್ಲ, ಓದಲು ಕುಳಿತರೂ ಆ ಮಕ್ಕಳೇ. ಕೊನೆಗೆ ಅನಾಥಾಲಯದ ಹೊಣೆ ಹೊರುತ್ತಾಳೆ. ದಾನ ಮಾಡಿ ಸುಮ್ಮನಾಗುವುದಿಲ್ಲ. ತೊಳೆಯುವುದು, ಸಾರು ಮಾಡುವುದು, ಕಾಗದ ಮಾಡುವುದು ಕಲಿಸುತ್ತಾಳೆ. ದುಡಿಯದವರಿಗೆ ಊಟವಿಲ್ಲ ಎಂಬ ನಿಯಮ ಹಾಕುತ್ತಾಳೆ. ಸಂತ ಪೌಲರು ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರ ಓದಿದವರಿಗೆ ಇದು ಎಲ್ಲೋ ಕೇಳಿದ ಮಾತು. ಆ ಮಕ್ಕಳೇ ಮುಂದೆ ಪುಸ್ತಕ ಅಚ್ಚು ಹಾಕುವವರಾಗುತ್ತಾರೆ.

ದೇವಾಲಯದ ಒಳಗಿನ ಕೊಳೆಯನ್ನು ತೋರಿಸುವ ಪುಸ್ತಕ ಚರ್ಚಿನ ಕಪಾಟಿನಲ್ಲಿ ಏಕೆ ಎಂದು ಒಬ್ಬರು ಕೇಳಿದರು. ಅಲ್ಲಿಯೇ ಇರಬೇಕು ಎಂಬುದು ನಮ್ಮ ಅಭಿಪ್ರಾಯ. ಕೆಲವು ಕಡೆ ಹೆಣ್ಣುಮಕ್ಕಳ ಮೇಲಿನ ಶೋಷಣೆಯ ಸೂಚನೆಗಳಿವೆ. ಬಿಡಿಸಿ ಬರೆದಿಲ್ಲ, ಆದರೂ ಎರಡನೆಯ ಭಾಗದಿಂದ ಮುಂದಿನದ್ದನ್ನು ಎಂಟನೆಯ ತರಗತಿ ದಾಟಿದವರಿಗೆ ಮಾತ್ರ ಕೊಡುತ್ತೇವೆ.

ಎರಡನೆಯ ಭಾಗದ ಕೊನೆ ಹೇಳಬಾರದು, ಆದರೆ ಹೇಳದೆ ಇರಲಾರೆವು. ಮನೆಯವರ ಜೀವ ಉಳಿಸಲು ಮೈನ್ ಇನ್ನೊಂದು ಹೆಸರು ಪಡೆದು ದೊಡ್ಡ ಮನೆಯ ದತ್ತುಮಗಳಾಗಬೇಕು. ಅಪ್ಪ ಅಮ್ಮನನ್ನು ದೂರದಿಂದ ನೋಡಬಹುದು, ಅಪ್ಪ ಅಮ್ಮ ಎಂದು ಕರೆಯುವಂತಿಲ್ಲ. ಮೊದಲ ಬದುಕಿನ ಅಮ್ಮನಿಗೂ ಅವಳು ಸರಿಯಾಗಿ ವಿದಾಯ ಹೇಳಿರಲಿಲ್ಲ. ಈ ಲೋಕದಲ್ಲಾದರೂ ಒಳ್ಳೆಯ ಮಗಳಾಗಬೇಕು ಅನ್ನುವಷ್ಟರಲ್ಲಿ ಹೀಗೆ. ಇಸೆಕಾಯ್ ಕಥೆಗಳಲ್ಲಿ ಹೋಗುವುದು ಇಷ್ಟು ಸುಲಭ, ಬಿಟ್ಟುಹೋಗುವುದು ಇಷ್ಟು ಕಷ್ಟ ಎಂದು ತೋರಿಸಿದ್ದು ನಾವು ಓದಿದ್ದರಲ್ಲಿ ಇದೊಂದೇ. ನಾವು ಒಂಬತ್ತನೆಯ ಸಂಪುಟ ಮುಗಿಸಿದ್ದೇವೆ. ಆರನೆಯದು ಮೊಂತಿ ಹಬ್ಬದ ನಂತರ ವಾಪಸು ಬಂದಿಲ್ಲ, ಇಟ್ಟುಕೊಂಡವರು ದಯವಿಟ್ಟು ಕೊಡಿ.

ಇಡದ ಪುಸ್ತಕಗಳು. 'ಮುಶೊಕು ಟೆನ್ಸೈ' ಈ ಜಾತಿಯ ಕಥೆಗಳಿಗೆಲ್ಲ ದಾರಿ ಮಾಡಿದ್ದು ಎನ್ನುತ್ತಾರೆ. 34 ವರ್ಷದ ನಿರುದ್ಯೋಗಿ ಮಗುವಾಗಿ ಹುಟ್ಟಿ, ಎರಡನೆಯ ಬದುಕನ್ನಾದರೂ ನೆಟ್ಟಗೆ ಬಾಳಲು ಹೆಣಗುವ ಕಥೆ. ಇದು ಪಶ್ಚಾತ್ತಾಪದ ಕಥೆ ಎಂದು ನಮ್ಮಲ್ಲಿಬ್ಬರು ವಾದಿಸಿದರು, ವಾದದಲ್ಲಿ ಹುರುಳಿದೆ. ಆದರೆ ಆ ಮಗುವಿನ ಕಣ್ಣಿನಿಂದ ದೊಡ್ಡ ಗಂಡಸೊಬ್ಬ ಹುಡುಗಿಯರನ್ನು ನೋಡುವ ರೀತಿಯನ್ನು ಕಥೆ ತಮಾಷೆ ಎಂದುಕೊಂಡಿದೆ. ನಮ್ಮ ಹುಡುಗಿಯರು ಬೇಡ ಎಂದರು. ಮಾತು ಅಲ್ಲಿಗೆ ಮುಗಿಯಿತು. ರೆಬೆಕಾ ಯಾರೋಸ್‌ರ 'ಫೋರ್ತ್ ವಿಂಗ್' (2023) ಡ್ರ್ಯಾಗನ್ ಸವಾರರ ಸೈನಿಕ ಶಾಲೆಯ ಕಥೆ. ನಾಯಕಿಯ ಕೀಲುಗಳು ದುರ್ಬಲ, ಆ ದೇಹದಲ್ಲೇ ಅವಳು ಮಾಡುವ ಹೋರಾಟ ಚೆನ್ನಾಗಿದೆ. ಕಾಮದ ಪ್ರಸಂಗಗಳು ತೀರಾ ಬಿಚ್ಚು. ಹೊದಿಕೆ ಮಕ್ಕಳ ಪುಸ್ತಕದ ಹಾಗಿರುವುದರಿಂದ ಹೆತ್ತವರು ಗಮನಿಸಬೇಕಾದ್ದು ಇದನ್ನೇ, ಜಪಾನಿನ ಕಣ್ಣುಗಳನ್ನಲ್ಲ.

ಇನ್ನು ಜಗಳದ ಪುಸ್ತಕ, ಆರ್. ಎಫ್. ಕುವಾಂಗ್ ಬರೆದ 'ಬೇಬೆಲ್' (2022). ನೆಬ್ಯುಲಾ ಪ್ರಶಸ್ತಿ ಬಂತು. ಹೆಸರು ಆದಿಕಾಂಡ 11ರ ಗೋಪುರದ್ದೇ. 1830ರ ದಶಕದ ಆಕ್ಸ್‌ಫರ್ಡಿನಲ್ಲಿ ಭಾಷಾಂತರದ ಒಂದು ಗೋಪುರವಿದೆ. ಬೆಳ್ಳಿಯ ಗಟ್ಟಿಯ ಒಂದು ಬದಿಗೆ ಒಂದು ಭಾಷೆಯ ಶಬ್ದ, ಇನ್ನೊಂದು ಬದಿಗೆ ಇನ್ನೊಂದು ಭಾಷೆಯಲ್ಲಿ ಅದಕ್ಕೆ ಹತ್ತಿರದ ಶಬ್ದ ಕೆತ್ತಿ, ಎರಡೂ ಭಾಷೆ ಬಲ್ಲವನು ಉಚ್ಚರಿಸಿದರೆ, ಅನುವಾದದಲ್ಲಿ ಕಳೆದುಹೋದ ಅರ್ಥ ಶಕ್ತಿಯಾಗಿ ಹೊರಬರುತ್ತದೆ. ಆ ಶಕ್ತಿಯಿಂದ ಬ್ರಿಟಿಷ್ ಸಾಮ್ರಾಜ್ಯದ ಹಡಗು, ಗಿರಣಿ, ಬಂದೂಕು ನಡೆಯುತ್ತವೆ. ಭಾಷೆ ತಂದವರು ಕ್ಯಾಂಟನ್ನಿನ ರಾಬಿನ್, ಕಲ್ಕತ್ತೆಯ ರಮಿ, ಹೈತಿಯ ವಿಕ್ಟುವಾರ್, ಲಾಭ ಬೇರೆಯವರದು.

ಮನೆಯಲ್ಲಿ ಕೊಂಕಣಿ, ಅಂಗಳದಾಚೆ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನ ಬೋರ್ಡಿನಲ್ಲಿ ಮಲಯಾಳ, ಮೊಬೈಲಿನಲ್ಲಿ ಇಂಗ್ಲಿಷ್ ಇರುವ ಕಾಸರಗೋಡಿನವರಿಗೆ ಈ ಪುಸ್ತಕ ಆಟದ ಮೈದಾನ. ಒಂದು ಸಂಜೆ ಪೂರ್ತಿ ನಾವು ಬೆಳ್ಳಿಯಿಲ್ಲದೆ ಬೆಳ್ಳಿಯ ಕೆಲಸ ಮಾಡಿದೆವು. ಮಲಯಾಳದ 'ವಿಷಮಂ' ಎಂದರೆ ದುಃಖ, ಕನ್ನಡದ 'ವಿಷಮ' ಎಂದರೆ ಕೈಮೀರಿದ ಸ್ಥಿತಿ. ಒಂದೇ ಬೇರು, ನಡುವೆ ಎಷ್ಟು ದೂರ. 'ಎಂಜಲು' ಎಂಬುದಕ್ಕೆ ಇಂಗ್ಲಿಷ್ ಜೋಡಿ ಸಿಗಲೇ ಇಲ್ಲ. ಆಮೇಲೆ ಒಬ್ಬ 'ಬೇಸರ' ಎಂದ. ಹೊತ್ತು ಹೋಗದಿದ್ದರೂ ಬೇಸರ, ಮನಸ್ಸು ನೊಂದರೂ ಬೇಸರ, ಬದುಕು ಸಾಕಾದರೂ ಬೇಸರ. ಇಂಗ್ಲಿಷಿನಲ್ಲಿ ಮೂರು ಬೇರೆ ಶಬ್ದ ಬೇಕು. ಯಾವ ಬೇಸರ ಎಂದು ಕೇಳದೆ ಬಿಟ್ಟರೆ ಏನಾಗಬಹುದು ಎಂದು ಅಲ್ಲಿದ್ದ ಕೆಲವರಿಗೆ ಗೊತ್ತಿತ್ತು. ಈ ಆಟದ ಫಲವಾಗಿ ಇಬ್ಬರು ಹುಡುಗರು ಕಿಟ್ಟೆಲರ 1894ರ ನಿಘಂಟನ್ನು ಮೊಬೈಲಿನಲ್ಲಿ ತೆರೆದರು, ಅದೂ ತಾವಾಗಿಯೇ.

ಜಗಳ ಇರುವುದು ಪುಸ್ತಕದ ಉಪಶೀರ್ಷಿಕೆಯ ಮೇಲೆ. ಹಿಂಸೆ ಅನಿವಾರ್ಯ ಎಂಬ ಅರ್ಥದ ಮಾತು ಅಲ್ಲಿದೆ, ಕಥೆಯ ಕೊನೆಯೂ ಆ ಕಡೆಗೆ ವಾಲುತ್ತದೆ. ಬೇಬೆಲಿನ ಗಲಿಬಿಲಿಗೆ ಬೈಬಲಿನಲ್ಲಿ ಉತ್ತರವಾಗಿ ಬರುವುದು ಪ್ರೇಷಿತರ ಕಾರ್ಯಕಲಾಪಗಳ 2ನೆಯ ಅಧ್ಯಾಯ, ಪೆಂಟೆಕೋಸ್ಟ್ ಹಬ್ಬದ ದಿನ. ಅಲ್ಲಿ ಭಾಷೆಗಳು ಒಂದಾಗುವುದಿಲ್ಲ, ಪ್ರತಿಯೊಬ್ಬನಿಗೂ ಅವನವನ ಭಾಷೆಯಲ್ಲೇ ಕೇಳಿಸುತ್ತದೆ. ಕುವಾಂಗ್‌ರ ಗೋಪುರದಲ್ಲಿ ಆ ಕಿಟಕಿ ಇಲ್ಲ ಎಂಬುದು ನಮ್ಮಲ್ಲಿ ಹೆಚ್ಚಿನವರ ಮಾತು. ಹೊಟ್ಟೆ ತುಂಬಿದವರು ಶಾಂತಿ ಬೋಧಿಸುವುದು ಸುಲಭ ಎಂದು ಉಳಿದವರ ಉತ್ತರ. ಒಂದೂವರೆ ಗಂಟೆಯ ನಂತರ ಕೊಠಡಿಯ ಬೀಗದ ಕೈ ಕೇಳಲು ಸಕ್ರಿಸ್ತಾನರು ಬಂದರು. ಪುಸ್ತಕ ಕಪಾಟಿನಲ್ಲಿದೆ, 18 ದಾಟಿದವರಿಗೆ.

ಬ್ರ್ಯಾಂಡನ್ ಸ್ಯಾಂಡರ್ಸನ್ ಬಗ್ಗೆ ಕೇಳುವವರಿಗೆ: 2022ರಲ್ಲಿ ನಾಲ್ಕು ಗುಟ್ಟಿನ ಕಾದಂಬರಿಗಳಿಗೆಂದು ಓದುಗರಿಂದ ನೇರವಾಗಿ 4 ಕೋಟಿ 17 ಲಕ್ಷ ಡಾಲರ್ ಸಂಗ್ರಹಿಸಿದ ಮನುಷ್ಯ. ಅವರ ದೊಡ್ಡ ಸರಣಿಗಳು ತಲೆದಿಂಬಿನಷ್ಟು ದಪ್ಪ, ನಮಗೆ ತಾಳ್ಮೆ ಸಾಲಲಿಲ್ಲ. ಆ ನಾಲ್ಕರಲ್ಲಿ ಮೊದಲು ಬಂದ 'ಟ್ರೆಸ್ ಆಫ್ ದಿ ಎಮರಾಲ್ಡ್ ಸೀ' ಮಾತ್ರ ಯಾರಿಗೂ ಕೊಡಬಹುದು, ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಮರುದಿನ ಕೊಟ್ಟರೆ ಇನ್ನೂ ಒಳ್ಳೆಯದು.

ಕೊನೆಯದಾಗಿ ಸುಸಾನಾ ಕ್ಲಾರ್ಕ್‌ರ 'ಪಿರಾನೇಸಿ', 2020ರದ್ದು, ಮರುವರ್ಷ ವಿಮೆನ್ಸ್ ಪ್ರೈಜ್ ಪಡೆದದ್ದು. ಚಿಕ್ಕ ಪುಸ್ತಕ. ಕೊನೆಯಿಲ್ಲದ ಹಜಾರಗಳ, ಸಾವಿರಾರು ಶಿಲಾಮೂರ್ತಿಗಳ ಒಂದು ಮನೆ. ಕೆಳಗಿನ ಅಂತಸ್ತಿನಲ್ಲಿ ಸಮುದ್ರದ ಭರತ ಇಳಿತ. ಅಲ್ಲಿ ಬದುಕುವ ಒಬ್ಬ ಮನುಷ್ಯನಿಗೆ ಆ ಮನೆಯೇ ಲೋಕ, ಆ ಮನೆ ತನ್ನನ್ನು ಪ್ರೀತಿಸುತ್ತದೆ ಎಂಬುದರಲ್ಲಿ ಅವನಿಗೆ ಸಂಶಯವಿಲ್ಲ. ನಾರ್ನಿಯಾ ಓದಿದವರಿಗೆ ಕೆಟರ್ಲಿ ಎಂಬ ಹೆಸರು ಕಂಡಾಗ ಕಿವಿ ನೆಟ್ಟಗಾಗುತ್ತದೆ. ಇದಕ್ಕಿಂತ ಹೆಚ್ಚು ಕಥೆ ಹೇಳಿದರೆ ಪುಸ್ತಕ ಹಾಳು.

ಆ ಮನೆಯಲ್ಲಿ ಹದಿಮೂರು ಸತ್ತವರ ಎಲುಬುಗಳಿವೆ. ಅವರು ಯಾರೆಂದು ಅವನಿಗೆ ಗೊತ್ತಿಲ್ಲ. ಆದರೂ ಅವರಿಗೆ ಹೆಸರಿಟ್ಟಿದ್ದಾನೆ. ಬಿಸ್ಕತ್ತಿನ ಡಬ್ಬಿಯ ಮನುಷ್ಯ, ಮಡಿಸಿಕೊಂಡ ಮಗು ಎಂಬಂಥ ಹೆಸರು. ಅವರಿಗೆ ಊಟ, ನೀರು, ನೈದಿಲೆ ಒಯ್ದು ಕೊಡುತ್ತಾನೆ, ಮಾತಾಡಿಸುತ್ತಾನೆ. ಯಾರೂ ಹೇಳಿಕೊಟ್ಟದ್ದಲ್ಲ.

ನವೆಂಬರ್ 2ರ ಮೃತರ ಸ್ಮರಣೆಗೆ ಮುಂಚೆ ಗೋರಿಗಳ ಸುತ್ತ ಹುಲ್ಲು ಕೀಳುವುದು, ಸುಣ್ಣ ಬಳಿಯುವುದು ನಮ್ಮ ಯುವಜನರ ಕೆಲಸ. ಕಳೆದ ಸಲ ಪೂರ್ವದ ಗೋಡೆಯ ಪಕ್ಕದ ನಾಲ್ಕು ಕಲ್ಲುಗಳನ್ನೂ ತೊಳೆದೆವು. ಅಕ್ಷರ ಸವೆದುಹೋಗಿದೆ, ಬರುವವರೂ ಇಲ್ಲ. ಪಿರಾನೇಸಿ ಓದಿ ಮುಗಿಸಿದ್ದ ಹುಡುಗಿಯೊಬ್ಬಳು ಇವರಿಗೆ ಹೆಸರು ಏನು ಎಂದು ಕೇಳಿದಳು. ಗುರುಗಳ ಅನುಮತಿ ಪಡೆದು ಹಳೆಯ ಮರಣ ದಾಖಲೆಗಳನ್ನು ನೋಡಿದೆವು, ಕಲ್ಲಿನ ಮೇಲೆ ಉಳಿದಿದ್ದ ವರ್ಷಗಳ ಜೊತೆ ಹೊಂದಿಸಿದೆವು. ಮೂವರ ಹೆಸರು ಸಿಕ್ಕಿತು. ನಾಲ್ಕನೆಯದು ಚಿಕ್ಕ ಕಲ್ಲು, ಮಗುವಿನದಿರಬೇಕು, ಶಿಲುಬೆಯ ಕೆಳಗೆ ಎರಡು ಅಕ್ಷರದಷ್ಟು ಗುರುತು ಮಾತ್ರ ಇದೆ. ಆ ಗೋಡೆಯ ಪಕ್ಕ ಯಾರ ಮನೆಯ ಮಗುವನ್ನು ಇಟ್ಟಿದ್ದರು ಎಂದು ನೆನಪಿರುವ ಹಿರಿಯರಿದ್ದರೆ ಭಾನುವಾರ ಎರಡನೆಯ ಪೂಜೆಯ ನಂತರ ನಮ್ಮ ಕೊಠಡಿಗೆ ಬನ್ನಿ.